ಹವೆ ಬದಲಾದಾಗ ಮನೆಯಲ್ಲಿ ಏನು ಬದಲಾಯಿತು?

ಆಷಾಢದ ಒಂದು ಬೆಳಿಗ್ಗೆ. ಹೊರಗೆ ಧಾರವಾಡದ ಜಿಟಿಜಿಟಿ ಮಳೆ. ಕಲಘಟಗಿ ಕಡೆಯಿಂದ ಮೊದಲ ಬಸ್ಸಿಗೆ ಬಂದಿದ್ದ ತಾಯಿ ಕೂಸನ್ನು ಮೇಜಿನ ಮೇಲೆ ಮಲಗಿಸಿದರು. ನಾನು ಒಂದೊಂದೇ ಬಿಚ್ಚುತ್ತಾ ಹೋದೆ. ಮೇಲೆ ಕೌದಿ, ಅದರೊಳಗೆ ಉಣ್ಣೆಯ ಶಾಲು, ಆಮೇಲೆ ಕುಂಚಿಗೆ, ಕುಂಚಿಗೆಯ ಕೆಳಗೊಂದು ಟೊಪ್ಪಿಗೆ, ಸ್ವೆಟರ್, ಕೊನೆಗೆ ಎರಡು ಅಂಗಿ. ಎಂಟು ತಿಂಗಳ ಕೂಸಿನ ಬೆನ್ನು ಬೆವರಿನಿಂದ ತೊಯ್ದು ಹೋಗಿತ್ತು.

“ಹವಾ ಬದಲಾಗಿದೆಯಲ್ಲ ಡಾಕ್ಟರೇ, ಅದಕ್ಕೇ ನೆಗಡಿ,” ಎಂದರು ಜೊತೆಗಿದ್ದ ಅಜ್ಜಿ.

ಈ ಮಾತು ನನಗೆ ವರ್ಷವಿಡೀ ಕೇಳಿಸುತ್ತದೆ. ಹೋಳಿ ಮುಗಿದು ಬಿಸಿಲೇರಿದಾಗ, ಮೃಗಶಿರ ಮಳೆ ಬಿದ್ದಾಗ, ಶೀಗಿ ಹುಣ್ಣಿಮೆ ಕಳೆದು ಇಬ್ಬನಿ ಬೀಳತೊಡಗಿದಾಗ, ಎಳ್ಳಮಾವಾಸ್ಯೆಯ ಚಳಿಗೆ. ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ನೆಗಡಿಯನ್ನು ತರುವುದು ವೈರಸ್ಸೇ ಹೊರತು ಮಳೆಯ ಹನಿಯಲ್ಲ. ಆ ವೈರಸ್ಸಿಗೆ ದಾರಿ ಮಾಡಿಕೊಡುವುದು ಹವೆಯ ಜೊತೆಗೆ ಸದ್ದಿಲ್ಲದೆ ಬದಲಾಗುವ ನಮ್ಮ ಮನೆಯ ರೂಢಿ. ಆದ್ದರಿಂದ ನಾನು ತಿರುಗಿ ಕೇಳುವುದು ಒಂದೇ: “ಹವಾ ಬದಲಾಯಿತು, ಸರಿ ಅವ್ವಾ. ಮನೆಯಲ್ಲಿ ಏನು ಬದಲಾಯಿತು?”

ಅವರು ಸ್ವಲ್ಪ ಯೋಚಿಸಿ ಒಂದೊಂದಾಗಿ ಹೇಳಿದರು. ಮಳೆ ಹಿಡಿದಾಗಿನಿಂದ ಮಲಗುವ ಕೋಣೆಯ ಕಿಟಕಿ ತೆರೆದಿಲ್ಲ. ಮರ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿದೆ. ಒಗೆದ ಬಟ್ಟೆ ಒಣಗುವುದಿಲ್ಲವೆಂದು ಅದೇ ಕೋಣೆಯಲ್ಲಿ ಹಗ್ಗ ಕಟ್ಟಿದ್ದಾರೆ. ರಾತ್ರಿ ಸೊಳ್ಳೆಯ ಸುರುಳಿ ಹಚ್ಚುತ್ತಾರೆ. ನಾಲ್ಕು ವರ್ಷದ ಅಕ್ಕ ಅಂಗನವಾಡಿಯಿಂದ ಮೂಗು ಸೋರಿಸಿಕೊಂಡು ಬಂದು ತಮ್ಮನ ಪಕ್ಕದಲ್ಲೇ ಮಲಗುತ್ತಾಳೆ. ಒಂದು ಕೋಣೆ, ಐದು ಜನ, ಹೊರಗಿನ ಗಾಳಿಗೆ ಒಂದು ಬೆಳಕಿಂಡಿಯೂ ಇಲ್ಲ. ಅಕ್ಕನ ಕೆಮ್ಮಿನಿಂದ ಹೊರಟ ವೈರಸ್ಸಿಗೆ ಇದಕ್ಕಿಂತ ಅನುಕೂಲದ ಜಾಗ ಬೇಕೇ? ಒದ್ದೆ ಬಟ್ಟೆಯ ತೇವಕ್ಕೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ದಮ್ಮಿನ ಗುಣವಿರುವ ಮಕ್ಕಳಿಗೆ ಅದೇ ಸಾಕು. ಸುರುಳಿಯ ವಿಷಯವನ್ನಂತೂ ನಾನು ಎಲ್ಲರಿಗೂ ಹೇಳುತ್ತೇನೆ: ಒಂದು ಸುರುಳಿ ಪೂರ್ತಿ ಉರಿದರೆ ಹೊರಬರುವ ಸೂಕ್ಷ್ಮ ಕಣಗಳು 75ಕ್ಕೂ ಹೆಚ್ಚು ಸಿಗರೇಟುಗಳಿಗೆ ಸಮ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಆ ಹೊಗೆಯನ್ನು ಕೂಸು ರಾತ್ರಿಯಿಡೀ ಕುಡಿಯುತ್ತದೆ. ಸೊಳ್ಳೆಪರದೆ ಕಟ್ಟಿ, ಸುರುಳಿ ಬಿಡಿ.

ತಾಯಿ ಇದನ್ನೆಲ್ಲ ತಲೆ ತಗ್ಗಿಸಿ ಕೇಳುತ್ತಿದ್ದರು. ಅವರಿಗೆ ಬೇರೆಯೇ ಒಂದು ಮಾತನ್ನು ಹೇಳಬೇಕಾಯಿತು. ಸಣ್ಣ ಮಗುವಿಗೆ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿಯಾಗುವುದು ಸಹಜ. ಮನೆಯಲ್ಲಿ ಶಾಲೆಗೋ ಅಂಗನವಾಡಿಗೋ ಹೋಗುವ ಇನ್ನೊಂದು ಮಗುವಿದ್ದರೆ ಇನ್ನೂ ಹೆಚ್ಚು. ಪ್ರತಿ ಸಲವೂ ವಾರದಿಂದ ಹತ್ತು ದಿನ ಮೂಗು ಸೋರುತ್ತದೆ, ಕೆಮ್ಮು ಮೂರು ವಾರ ಎಳೆದರೂ ಎಳೆಯಬಹುದು. ಲೆಕ್ಕ ಹಾಕಿದರೆ ಜೂನ್‌ನಿಂದ ಫೆಬ್ರವರಿಯವರೆಗೆ ಮಗು ಒಂದಿಲ್ಲೊಂದು ನೆಗಡಿಯಲ್ಲೇ ಇದ್ದಂತೆ ಕಾಣುತ್ತದೆ. ಅದು ತಾಯಿಯ ತಪ್ಪಲ್ಲ, ಅವಳು ಮೊಸರು ಉಂಡದ್ದರಿಂದ ಆದದ್ದಲ್ಲ, ತಲೆಗೆ ಸ್ನಾನ ಮಾಡಿದ್ದರಿಂದಲೂ ಅಲ್ಲ. ಬಾಣಂತನ ಮುಗಿಸಿದ ಹುಡುಗಿಯರು ಮನೆಯವರಿಂದ ಈ ಮಾತು ಕೇಳಿ ಕೇಳಿ ಕುಗ್ಗಿರುವುದನ್ನು ನೋಡಿದಾಗ ನನಗೆ ನೋವಾಗುತ್ತದೆ.

ಹಾಗಾದರೆ ಯಾವ ನೆಗಡಿಗೆ ಹೆದರಬೇಕು? ಅದಕ್ಕೆ ಉಸಿರನ್ನು ಎಣಿಸಬೇಕು. ಅಂದು ಅದನ್ನು ಅಜ್ಜಿಗೇ ಕಲಿಸಿದೆ. ಕೂಸು ಬೆಚ್ಚಗೆ ಒಣ ಅಂಗಿ ತೊಟ್ಟು ತಾಯಿಯ ಮೊಲೆ ಕುಡಿದು ನಿದ್ದೆಗೆ ಜಾರಿತ್ತು. ಅಂಗಿಯನ್ನು ಎದೆಯವರೆಗೆ ಸರಿಸಿದೆವು. ಹೊಟ್ಟೆ ಮೇಲೆದ್ದು ಕೆಳಗಿಳಿದರೆ ಒಂದು. ಮೊಬೈಲಿನ ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಬೇಕು. ಕೂಸಿನ ಉಸಿರಾಟ ಏಕರೀತಿ ಇರುವುದಿಲ್ಲವಾದ್ದರಿಂದ ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಅಜ್ಜಿ ತುಟಿ ಅಲುಗಿಸುತ್ತಾ, ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಸರಿಸುತ್ತಾ ಎಣಿಸಿದರು. “ಮೂವತ್ತೆಂಟು.”

ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಮಗು ಅಳದೆ ಶಾಂತವಾಗಿರುವಾಗ ಎಣಿಸಿದರೂ ಉಸಿರು ಈ ಸಂಖ್ಯೆಯನ್ನು ಮುಟ್ಟಿದರೆ ಅಥವಾ ದಾಟಿದರೆ, ಇಲ್ಲವೇ ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಕುಳಿ ಬಿದ್ದರೆ, ಅದು ನ್ಯುಮೋನಿಯಾ ಇರಬಹುದು. ಮೊಲೆ ಕುಡಿಯಲು ಆಗದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಎಣಿಸುತ್ತಾ ಕೂರದೆ ಹೊರಡಬೇಕು. ಪಕ್ಕೆ ಬಡಿಯುತ್ತಿದೆ ಎಂದು ಹೊಟ್ಟೆಗೆ ಬರೆ ಹಾಕಿಸಿಕೊಂಡು ಬರುವ ಕೂಸುಗಳು ಇಂದಿಗೂ ಇವೆ. ಬರೆಯಿಂದ ಉಸಿರಾಟ ಸುಧಾರಿಸುವುದಿಲ್ಲ. ಕೂಸು ಸುಟ್ಟ ಗಾಯದ ನೋವನ್ನೂ ತಿನ್ನುತ್ತದೆ, ಚಿಕಿತ್ಸೆಗೆ ಸಿಗಬೇಕಿದ್ದ ಅಮೂಲ್ಯವಾದ ದಿನವೂ ಕಳೆದುಹೋಗುತ್ತದೆ.

ಬರಿಯ ನೆಗಡಿಗೆ ಕೆಮ್ಮಿನ ಸಿರಪ್ ಬೇಡ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿದ ಸಿರಪ್ಪನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು 2023ರಲ್ಲೇ ದೇಶದ ಔಷಧ ನಿಯಂತ್ರಕರು ಹೇಳಿದ್ದಾರೆ. ಮೂಗಿಗೆ ಉಪ್ಪುನೀರಿನ ಹನಿ, ಹಾಲುಣಿಸುವುದು, ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಮುನ್ನ ಅರ್ಧ ಚಮಚ ಜೇನು, ಇಷ್ಟು ಸಾಕು. ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಬಾರದು. ಪ್ಯಾರಾಸಿಟಮಾಲ್ ತರುವಾಗಲೂ ಬಾಟಲಿ ಓದಿ: ಹನಿಯ ಬಾಟಲಿಯಲ್ಲಿ ಸಾಮಾನ್ಯವಾಗಿ ಒಂದು ಮಿ.ಲೀ.ಗೆ 100 ಮಿ.ಗ್ರಾಂ ಇದ್ದರೆ, ಸಿರಪ್ಪಿನಲ್ಲಿ ಐದು ಮಿ.ಲೀ.ಗೆ 125 ಇರುತ್ತದೆ. ಸಿರಪ್ಪಿನ ಅಳತೆಯಲ್ಲಿ ಹನಿ ಕುಡಿಸಿದರೆ ನಾಲ್ಕು ಪಟ್ಟು ಔಷಧ ಹೊಟ್ಟೆ ಸೇರುತ್ತದೆ.

ಆಷಾಢ ಕಳೆದು ಶ್ರಾವಣ ಬಂದರೆ ನನ್ನ ಚಿಂತೆ ಬೇರೆ. ನಾಗರ ಪಂಚಮಿ ನಮ್ಮ ಭಾಗಕ್ಕೆ ಹೆಣ್ಣುಮಕ್ಕಳ ಹಬ್ಬ. ತವರಿಗೆ ಬಂದವರು, ಮರಕ್ಕೆ ಕಟ್ಟಿದ ಜೋಕಾಲಿ, ಡಬ್ಬಿ ತುಂಬಾ ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅಳ್ಳು, ಹುರಿದ ಕಾಳು. ಐದಾರು ವರ್ಷದ ಅಣ್ಣಂದಿರು ಪ್ರೀತಿಯಿಂದ ಒಂದೂವರೆ ವರ್ಷದ ತಂಗಿಯ ಬಾಯಿಗೆ ಶೇಂಗಾ ಹಾಕುತ್ತಾರೆ. ಆ ವಯಸ್ಸಿಗೆ ಅರೆಯುವ ದವಡೆ ಹಲ್ಲು ಪೂರ್ತಿ ಬಂದಿರುವುದಿಲ್ಲ. ಮಗು ನಗುತ್ತಲೋ ಓಡುತ್ತಲೋ ಉಸಿರೆಳೆದಾಗ ಕಾಳು ನೇರವಾಗಿ ಶ್ವಾಸನಾಳಕ್ಕೆ ಇಳಿಯುತ್ತದೆ. ಒಂದು ಕ್ಷಣ ಭಯಂಕರ ಕೆಮ್ಮು, ಮುಖ ಕೆಂಪು, ಆಮೇಲೆ ಎಲ್ಲ ಶಾಂತ. ಮನೆಯವರು “ಹೋಯಿತು, ನುಂಗಿತು” ಎಂದು ನಿಟ್ಟುಸಿರು ಬಿಡುತ್ತಾರೆ. ಕಾಳು ಹೋಗಿರುವುದಿಲ್ಲ, ಒಳಗೆ ಕೂತಿರುತ್ತದೆ. ತೇವ ಹೀರಿ ಉಬ್ಬುತ್ತದೆ, ಅದರ ಎಣ್ಣೆಗೆ ಸುತ್ತಲಿನ ಪೊರೆ ಬಾತುಕೊಳ್ಳುತ್ತದೆ. ವಾರದ ಮೇಲೆ ಜ್ವರ, ಒಂದೇ ಪಕ್ಕದಲ್ಲಿ ಸುಯ್ಲು. ಎಕ್ಸ್‌-ರೇಯಲ್ಲಿ ಶೇಂಗಾ ಕಾಣುವುದಿಲ್ಲ. ದಮ್ಮೆಂದೋ ನ್ಯುಮೋನಿಯಾ ಎಂದೋ ಔಷಧ ನಡೆಯುತ್ತಿರುತ್ತದೆ. ನಾನು ಪಂಚಮಿಯ ನಂತರ ಬರುವ ಪ್ರತಿ ಕೆಮ್ಮಿನ ಮಗುವಿನ ಮನೆಯವರನ್ನು ಕೇಳುತ್ತೇನೆ: “ಏನಾದರೂ ತಿನ್ನುವಾಗ ಒಮ್ಮೆಲೇ ಕೆಮ್ಮಿತ್ತೇ?” ಹೌದೆಂದರೆ ದುರ್ಬೀನು ಹಾಕಿ ನೋಡಲು ದೊಡ್ಡ ಆಸ್ಪತ್ರೆಗೆ ಕಳಿಸಲೇಬೇಕು. ನಾಲ್ಕು ವರ್ಷ ತುಂಬುವವರೆಗೆ ಇಡೀ ಶೇಂಗಾ, ಪುಠಾಣಿ, ಅಳ್ಳು ಬೇಡ. ಶೇಂಗಾವನ್ನು ನುಣ್ಣಗೆ ಕುಟ್ಟಿ ಬೆಲ್ಲ ಬೆರೆಸಿ ಹಾಲಿನಲ್ಲಿ ಮೆತ್ತಗೆ ಮಾಡಿ ತಿನ್ನಿಸಿ. ಹಬ್ಬ ಮಗುವಿಗೂ ತಪ್ಪುವುದಿಲ್ಲ. ಸಿಕ್ಕಿಕೊಂಡಾಗ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಬಾಯೊಳಗೆ ಬೆರಳು ಹಾಕಿ ತಡಕಾಡಬೇಡಿ. ಸದ್ದೇ ಹೊರಡದಿದ್ದರೆ, ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ತಲೆ ಕೆಳಗಾಗಿ ಬೋರಲು ಮಲಗಿಸಿ, ಎರಡೂ ಹೆಗಲೆಲುಬುಗಳ ನಡುವೆ ಅಂಗೈ ಬುಡದಿಂದ ಐದು ಸಲ ಗುದ್ದಿ, ಮಗುಚಿ ಎದೆಯ ನಡುವೆ ಎರಡು ಬೆರಳಿನಿಂದ ಐದು ಸಲ ಒತ್ತಿ.

ಮಳೆಗಾಲದ ಇನ್ನೊಂದು ಬದಲಾವಣೆ ನಳಕ್ಕೆ ಸಂಬಂಧಿಸಿದ್ದು. ಅವಳಿ ನಗರದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆ ನೀರು ಬರತೊಡಗಿ ವರ್ಷಗಳೇ ಆಗಿವೆ. ಉಳಿದ ಎಷ್ಟೋ ಬಡಾವಣೆಗಳಲ್ಲಿ ಮಲಪ್ರಭೆಯ ನೀರಿಗಾಗಿ ದಿನಗಟ್ಟಲೆ ಕಾಯಬೇಕು. ಹಾಗಾಗಿ ಬ್ಯಾರೆಲ್, ಟಾಕಿ, ಕೊಡ, ಸಿಕ್ಕಿದ್ದರಲ್ಲೆಲ್ಲ ನೀರು. ಡೆಂಗಿಯ ಸೊಳ್ಳೆ ಗಟಾರಿನಲ್ಲಿ ಹುಟ್ಟುವುದಿಲ್ಲ. ಇಂತಹ ತಿಳಿನೀರಿನಲ್ಲಿ ಹುಟ್ಟಿ ಹಗಲಿನಲ್ಲಿ ಕಚ್ಚುತ್ತದೆ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ. ನೀರು ಚೆಲ್ಲಿದರಷ್ಟೇ ಸಾಲದು, ಬ್ಯಾರೆಲಿನ ಒಳಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ವಾರಕ್ಕೊಮ್ಮೆ ನಾರು ಹಾಕಿ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿ, ತುಂಬಿದ ಮೇಲೆ ಹಳೆಯ ಸೀರೆಯ ತುಂಡು ಕಟ್ಟಿದರೆ ಸೊಳ್ಳೆಯ ಸರದಿ ಮುರಿಯುತ್ತದೆ. ಮಗುವಿಗೆ ಡೆಂಗಿಯಾದಾಗ ಜ್ವರ ಇಳಿದ ದಿನವೇ ಹೆಚ್ಚು ಎಚ್ಚರ ಬೇಕು. ಮೂರರಿಂದ ಏಳನೆಯ ದಿನದೊಳಗೆ ಜ್ವರ ಬಿಟ್ಟು ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ತಣ್ಣನೆಯ ಕೈಕಾಲು, ಮಂಕು, ಕಡಿಮೆ ಮೂತ್ರ ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಬನ್ನಿ. ಐಬುಪ್ರೊಫೇನ್, ಮೆಫೆನಮಿಕ್ ಆಸಿಡ್ ಇರುವ ಜ್ವರದ ಔಷಧ ಈ ತಿಂಗಳುಗಳಲ್ಲಿ ಮನೆಯಲ್ಲಿ ಬೇಡ.

ಬೇಧಿಯ ಬಗ್ಗೆ ಒಂದೇ ಮಾತು. ಒಂದು ಲೀಟರಿನ ಒಆರ್‌ಎಸ್ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿಯಬೇಡಿ, ಉಪ್ಪು ಹೆಚ್ಚಾಗಿ ಮಿದುಳಿಗೇ ಅಪಾಯ. ಇಡೀ ಪೊಟ್ಟಣ, ಇಡೀ ಲೀಟರು.

ಚಳಿಗಾಲದಲ್ಲಿ ಕಿಟಕಿಯ ಜೊತೆಗೆ ಲೋಬಾನವೂ ಬರುತ್ತದೆ. ಎಣ್ಣೆ ತಿಕ್ಕಿ ಬಿಸಿನೀರು ಎರೆಯುವುದು ಒಳ್ಳೆಯದೇ. ಎರೆಯುವ ಅಜ್ಜಿಯ ಕೈಯಲ್ಲಿ ಕೂಸು ಮೈಚಾಚಿ ಮಲಗುವುದನ್ನು ನೋಡುವುದೇ ಒಂದು ಸುಖ. ಆದರೆ ಆಮೇಲೆ ಕೆಂಡದ ಮೇಲೆ ಲೋಬಾನ, ಅಜವಾನ ಹಾಕಿ ಕೂಸನ್ನು ಹೊಗೆಗೆ ಹಿಡಿಯಬಾರದು. ಎಳೆಯ ಶ್ವಾಸನಾಳ ತೀರಾ ಸಣ್ಣದು, ಹೊಗೆಗೆ ಸ್ವಲ್ಪ ಬಾತರೂ ಉಸಿರಿನ ದಾರಿ ಅರ್ಧಕ್ಕೆ ಇಳಿಯುತ್ತದೆ. ಮೆತ್ತನೆಯ ಬಟ್ಟೆಯಿಂದ ತಲೆ ಒರೆಸಿದರೆ ಸಾಕು. ಬಟ್ಟೆಯ ಲೆಕ್ಕ ನಮಗಿಂತ ಒಂದು ಪದರ ಹೆಚ್ಚು, ಅಷ್ಟೇ. ಕೂಸಿನ ಕತ್ತಿನ ಹಿಂಭಾಗ ಮುಟ್ಟಿ ನೋಡಿ, ಬೆವರಿದ್ದರೆ ಒಂದು ಪದರ ತೆಗೆಯಿರಿ.

ಬೇಸಿಗೆಗೆ ಹೇಳುವುದು ಕಡಿಮೆ. ಗದಗ, ನವಲಗುಂದದ ಎರೆಹೊಲದ ಕಡೆಯ ಬಿಸಿಲಿನಲ್ಲೂ ಆರು ತಿಂಗಳೊಳಗಿನ ಕೂಸಿಗೆ ನೀರು ಬೇಡ, ತಾಯಿಯ ಹಾಲಿನಲ್ಲೇ ನೂರಕ್ಕೆ 87–88 ಪಾಲು ನೀರಿದೆ. ಅನುಮಾನವಾದರೆ ಮೂತ್ರ ಎಣಿಸಿ. ದಿನಕ್ಕೆ ಆರು ಸಲ ಹೊಯ್ದರೆ ಹಾಲು ಸಾಲುತ್ತಿದೆ. ನೀರು ಬೇಕಾದದ್ದು ತಾಯಿಗೆ.

ಆಷಾಢದಲ್ಲಿ ಬಂದಿದ್ದ ಆ ಕೂಸು ಮೊನ್ನೆ ಮೇ ತಿಂಗಳಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಎರಡನೆಯ ಡೋಸಿಗೆ ಬಂದಿತ್ತು, ಹದಿನೆಂಟು ತಿಂಗಳು ತುಂಬಿ, ತನ್ನ ಕಾಲ ಮೇಲೆ ನಡೆದುಕೊಂಡು. ಸೂಜಿಗೆ ಅತ್ತು ಸುಮ್ಮನಾದ ಮೇಲೆ ಅಜ್ಜಿ ಹೇಳಿದರು: “ಬಡಿಗೇರನನ್ನು ಕರೆಸಿ ಆ ಕಿಟಕಿಯನ್ನು ಕೆತ್ತಿಸಿದ್ದೇವೆ ಡಾಕ್ಟರೇ. ಈ ಸಲ ಮಳೆಗೂ ತೆರೆಯುತ್ತದೆ.”