ಏನೂ ಗೊತ್ತಾಗದ ನಿದ್ದೆ ಯಾರಿಗೆ ಗೊತ್ತಾಯ್ತು?

ಪ್ರಜ್ಞೆಯ ಬಗ್ಗೆ ಓದಲು ಕೂತಾಗ ನಾನು ಮೊದಲು ಎಡವಿದ್ದು ಇಲ್ಲೇ: ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಅಂದುಕೊಂಡಿದ್ದೆ. ಊಟದ ಮಧ್ಯೆ ಹಸಿಮೆಣಸಿನಕಾಯಿ ಕಚ್ಚಿದಿರಿ ಅನ್ನಿ. ಅದರಲ್ಲಿ ಖಾರ ಕೊಡುವ ಕ್ಯಾಪ್ಸೈಸಿನ್ ಎಂಬ ಅಂಶ ಹೋಗಿ ನರದ ತುದಿಯಲ್ಲಿರುವ ಟಿಆರ್‌ಪಿವಿ1 ಎಂಬ ಪ್ರೋಟೀನಿಗೆ ಅಂಟುತ್ತದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿದರೂ ತೆರೆದುಕೊಳ್ಳುವುದು ಇದೇ ಪ್ರೋಟೀನು, ಹಾಗಾಗಿ ಮಿದುಳಿಗೆ ‘ಸುಡ್ತಿದೆ’ ಅಂತಲೇ ಸುದ್ದಿ ಹೋಗುತ್ತದೆ, ಕಣ್ಣಲ್ಲಿ ನೀರು, ಕೈ ಮಜ್ಜಿಗೆ ಲೋಟದ ಕಡೆ. ಇಷ್ಟನ್ನು ವಿಜ್ಞಾನ ಬಿಡಿಸಿ ಹೇಳುತ್ತದೆ. ಆದರೆ ಇದೆಲ್ಲ ನಡೆಯುವಾಗ ಒಳಗೆ ಖಾರ ಅನ್ನಿಸುವುದಾದರೂ ಯಾಕೆ? ಏನೂ ಅನ್ನಿಸದೆ ಸುಮ್ನೆ ಕೈ ಮಜ್ಜಿಗೆಗೆ ಹೋಗಬಹುದಿತ್ತು, ಅಲ್ವಾ? ತತ್ವಶಾಸ್ತ್ರಜ್ಞ ಡೇವಿಡ್ ಚಾಲ್ಮರ್ಸ್ 1995ರಲ್ಲಿ ‘ಕಠಿಣ ಸಮಸ್ಯೆ’ ಎಂದಿದ್ದು ಇದನ್ನೇ.

ಅನ್ನಿಸದೆ ಕೆಲಸ ನಡೆಯುವುದು ಬರೀ ಕಲ್ಪನೆಯೂ ಅಲ್ಲ. 1970ರ ದಶಕದಲ್ಲಿ ಇಂಗ್ಲೆಂಡಿನ ಮನಃಶಾಸ್ತ್ರಜ್ಞ ಲಾರೆನ್ಸ್ ವೈಸ್‌ಕ್ರಾಂಟ್ಸ್ ಪರೀಕ್ಷಿಸಿದ ‘ಡಿಬಿ’ ಎಂಬ ರೋಗಿಗೆ ಮಿದುಳಿನ ಹಿಂಭಾಗದ ಆಪರೇಷನ್ ಆದಮೇಲೆ ಎಡಬದಿಯ ನೋಟ ಹೋಗಿತ್ತು. ಆ ಬದಿಗೆ ಬೆಳಕಿನ ಚುಕ್ಕೆ ತೋರಿಸಿ ‘ಎಲ್ಲಿದೆ’ ಅಂದರೆ, ಏನೂ ಕಾಣ್ತಿಲ್ಲ ಅನ್ನುತ್ತಿದ್ದರು. ಊಹೆ ಮಾಡಿ ಬೆರಳು ತೋರಿಸಿ ಅಂದರೆ ಹೆಚ್ಚು ಸಲ ಸರಿಯಾಗಿಯೇ ತೋರಿಸುತ್ತಿದ್ದರು! ಇದಕ್ಕೆ ಬ್ಲೈಂಡ್‌ಸೈಟ್ ಎಂದು ಹೆಸರು. ನನ್ನ ನೋಟ್ಸಿನಲ್ಲಿ ‘ಕುರುಡುನೋಟ’ ಅಂತ ಬರೆದುಕೊಂಡಿದ್ದೇನೆ.

ಈಗ ನನಗೆ ಜಾಸ್ತಿ ಇಷ್ಟವಾದ ಭಾಗ. ಬೆಳಿಗ್ಗೆ ಎದ್ದು ‘ಗಡದ್ದಾಗಿ ನಿದ್ದೆ ಬಂತು, ಏನೂ ಗೊತ್ತಾಗ್ಲಿಲ್ಲ’ ಅಂತೀವಲ್ಲ, ಈ ಒಂದು ಮಾತಿನ ಮೇಲೆ ನಮ್ಮ ಹಳಬರು ಶತಮಾನಗಳ ಕಾಲ ಜಗಳ ಆಡಿದ್ದಾರೆ. ಅದ್ವೈತಿಗಳ ವಾದ: ಇದು ನೆನಪು. ಅನುಭವ ಆಗದೆ ನೆನಪು ಬರುವುದಿಲ್ಲ. ಅಂದರೆ ಕನಸಿಲ್ಲದ ನಿದ್ದೆಯಲ್ಲೂ ನೋಡುತ್ತಿದ್ದ ಸಾಕ್ಷಿಯೊಂದು ಇತ್ತು. ನೈಯಾಯಿಕರು, ಅಂದರೆ ನ್ಯಾಯದರ್ಶನದವರು, ಒಪ್ಪುವುದಿಲ್ಲ. ಆತ್ಮವೇನೋ ಇತ್ತು, ಅರಿವು ಇರಲಿಲ್ಲ, ಎದ್ದಮೇಲೆ ಮೈ ಹಗುರಾಗಿರುವುದನ್ನು ನೋಡಿ ಚೆನ್ನಾಗಿ ಮಲಗಿದ್ದೆ ಅಂತ ಅನುಮಾನದಿಂದ ತಿಳಿಯುತ್ತೇವೆ, ಅಷ್ಟೆ. (ಇಲ್ಲಿ ಅನುಮಾನ ಅಂದರೆ ಸಂಶಯ ಅಲ್ಲ. ಕುರುಹಿನಿಂದ ತಿಳಿಯುವುದು. ನಾನು ಮೊದಲ ವಾರ ಪೂರ್ತಿ ತಪ್ಪಾಗಿ ಓದಿದ್ದೆ.)

2005ರಲ್ಲಿ ಮಾಸಿಮಿನಿ ಮತ್ತು ಟೊನೊನಿ ಎಂಬ ಮಿದುಳು ವಿಜ್ಞಾನಿಗಳ ತಂಡ ಇದೇ ನಿದ್ದೆಗೆ ಬೇರೆ ಕಡೆಯಿಂದ ಕೈಹಾಕಿತು. ತಲೆಯ ಹೊರಗಿನಿಂದ ಅಯಸ್ಕಾಂತದ ಒಂದು ಮಿಡಿತ ಕೊಟ್ಟು ಇಇಜಿ, ಅಂದರೆ ಮಿದುಳಿನ ವಿದ್ಯುತ್ ಚಟುವಟಿಕೆಯ ದಾಖಲೆ, ನೋಡಿದರು. ಎಚ್ಚರವಿದ್ದಾಗ ಅದರ ಅಲೆ ಮಿದುಳಿನ ದೂರದ ಭಾಗಗಳಿಗೂ ಹಬ್ಬಿತು. ಗಾಢ ನಿದ್ದೆಯಲ್ಲಿ ಕೊಟ್ಟ ಜಾಗದ ಸುತ್ತಲೇ ಬೇಗ ಆರಿಹೋಯಿತು. ಮಿದುಳಿನ ಭಾಗಗಳು ಒಂದಕ್ಕೊಂದು ಮಾತಾಡದಿದ್ದರೆ ಅರಿವೂ ಇರಲಿಕ್ಕಿಲ್ಲ, ಹಾಗಾಗಿ ನೈಯಾಯಿಕರ ಕಡೆಗೆ ತಕ್ಕಡಿ ವಾಲಿತು ಅಂತ ನನಗೆ ಅನ್ನಿಸಿತು.

ಇನ್ನೊಂದು ಸಾಕ್ಷ್ಯ ನನ್ನದೇ ಇದೆ. ಒಮ್ಮೆ ಮಧ್ಯಾಹ್ನ ಮಲಗಿ ಸಂಜೆ ಎದ್ದವನು ಬೆಳಗಾಯ್ತು ಅಂತ ಬ್ರಷ್ಷಿಗೆ ಪೇಸ್ಟ್ ಹಾಕಿಕೊಂಡು ನಿಂತಿದ್ದೆ. ಸಾಕ್ಷಿ ಒಳಗೇ ಇದ್ದಿದ್ದರೆ ಎಷ್ಟು ಹೊತ್ತಾಯ್ತು ಅಂತಾದರೂ ಹೇಳಬೇಕಿತ್ತಲ್ಲ? ವೇದಾಂತ ಓದಿರುವ ಗೆಳೆಯನಿಗೆ ಹೇಳಿದೆ. ಹೊತ್ತು ಲೆಕ್ಕ ಹಾಕುವುದು ಮನಸ್ಸಿನ ಕೆಲಸ ಕಣೋ, ಅದು ಮಲಗಿತ್ತು, ಸಾಕ್ಷಿ ಗಡಿಯಾರ ಅಲ್ಲ ಅಂದ. ಇದಕ್ಕೆ ನನ್ನ ಹತ್ತಿರ ಇನ್ನೂ ಮರುಮಾತಿಲ್ಲ.