ನೈಟ್ರಸ್: ಪಿಕಪ್ ಎಂಜಿನ್‌ಗೆ ಬಾಟಲ್‌ನಲ್ಲಿ ಬರುವ ಆಮ್ಲಜನಕ

ನೈಟ್ರಸ್ ಆಕ್ಸೈಡ್ ತಾನಾಗಿ ಉರಿಯುವ ಗ್ಯಾಸ್ ಅಲ್ಲ. ಸಿನಿಮಾದ ಕಾರ್ ರೇಸ್‌ನಲ್ಲಿ ನೈಟ್ರಸ್ ಬಟನ್ ಒತ್ತಿದ ಕೂಡಲೇ ಸೈಲೆನ್ಸರ್‌ನಿಂದ ನೀಲಿ ಬೆಂಕಿ ಚಿಮ್ಮುವುದನ್ನು ನೋಡಿ, ಇದೇನೋ ಪೆಟ್ರೋಲಿಗಿಂತ ಜೋರಾದ ಇಂಧನ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಉರಿಯುವ ಕಡ್ಡಿಯನ್ನು ಇದರೊಳಗೆ ಹಿಡಿದರೆ ಕಡ್ಡಿ ಜೋರಾಗಿ ಉರಿಯುತ್ತದೆ, ಗ್ಯಾಸ್‌ಗೆ ಬೆಂಕಿ ಹತ್ತುವುದಿಲ್ಲ. ಎಂಜಿನ್ ಒಳಗೂ ಅದರ ಕೆಲಸ ಅಷ್ಟೇ, ಆಮ್ಲಜನಕ ತಂದು ಹಾಕುವುದು. ಪವರ್ ಬರುವುದು ಆ ಆಮ್ಲಜನಕದಲ್ಲಿ ಸುಡುವ ಪೆಟ್ರೋಲ್ ಅಥವಾ ಡೀಸೆಲ್‌ನಿಂದ.

ತೂಕದ ಲೆಕ್ಕದಲ್ಲಿ ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಸುಮಾರು 23%. ನೈಟ್ರಸ್‌ನಲ್ಲಿ 36%. ಜೋರು ಬಿಸಿ ತಾಗಿದರೆ ಅದು ಒಡೆದು ನೈಟ್ರೋಜನ್ ಬೇರೆ, ಆಮ್ಲಜನಕ ಬೇರೆ ಆಗುತ್ತದೆ. ಎಂಜಿನ್ ಒಳಗೆ ಅಷ್ಟು ಬಿಸಿಗೇನೂ ಬರವಿಲ್ಲ. ಇನ್ನೊಂದು ಲಾಭವೂ ಇದೆ. ಬಾಟಲ್‌ನಲ್ಲಿ ಒತ್ತಡದಿಂದ ದ್ರವವಾಗಿ ಕೂತಿರುವ ನೈಟ್ರಸ್ ಹೊರಗೆ ಬಂದ ಕೂಡಲೇ ಆವಿಯಾಗುತ್ತದೆ. ಅದರ ಕುದಿಬಿಂದು ಮೈನಸ್ 88 ಡಿಗ್ರಿ. ಹಾಗಾಗಿ ಒಳಗೆ ಹೋಗುವ ಗಾಳಿ ಚೆನ್ನಾಗಿ ತಣ್ಣಗಾಗುತ್ತದೆ. ತಣ್ಣನೆ ಗಾಳಿ ಅಷ್ಟೇ ಜಾಗದಲ್ಲಿ ಜಾಸ್ತಿ ಹಿಡಿಸುತ್ತದೆ.

ಹಾಗಿದ್ದರೆ ಸೀದಾ ಆಕ್ಸಿಜನ್ನೇ ಬಿಡಬಹುದಲ್ವಾ? ಆಗುವುದಿಲ್ಲ. ಮಾಮೂಲಿ ಹವೆಯಲ್ಲಿ ಎಷ್ಟೇ ಒತ್ತಿದರೂ ಆಕ್ಸಿಜನ್ ದ್ರವವಾಗುವುದಿಲ್ಲ, ಸಣ್ಣ ಬಾಟಲ್‌ನಲ್ಲಿ ಸಾಕಷ್ಟು ತುಂಬುವುದಿಲ್ಲ. ಜೊತೆಗೆ ಉರಿ ಕೈಮೀರಿ ಹೋಗುತ್ತದೆ. ನೈಟ್ರಸ್‌ನಲ್ಲಿರುವ ನೈಟ್ರೋಜನ್ ಆ ಉರಿಗೆ ಸ್ವಲ್ಪ ಕಡಿವಾಣ ಹಾಕುತ್ತದೆ.

ಪಿಕಪ್ ಅಂದ ಕೂಡಲೇ ನಮಗೆ ಟೊಮೆಟೊ ಕ್ರೇಟ್ ಹೊತ್ತ ಬೊಲೆರೊ ನೆನಪಾಗುತ್ತದೆ. ಇಲ್ಲಿ ಮಾತು ಅಮೆರಿಕದ ದೊಡ್ಡ ಪಿಕಪ್ ಟ್ರಕ್‌ಗಳದ್ದು. ಅಲ್ಲಿ ನೇರ ಟ್ರ್ಯಾಕ್‌ನಲ್ಲಿ ಓಡುವ ಡ್ರ್ಯಾಗ್ ರೇಸಿಗೆ, ಭಾರದ ಸ್ಲೆಡ್ ಎಳೆಯುವ ಪಂದ್ಯಕ್ಕೆ ಇವನ್ನು ತಯಾರು ಮಾಡುವ ದೊಡ್ಡ ಬಳಗವೇ ಇದೆ. ಸೀಟಿನ ಹಿಂದೆಯೋ ಹಿಂಬದಿಯ ಬೆಡ್‌ನಲ್ಲೋ 10 ಪೌಂಡ್, ಅಂದರೆ ನಾಲ್ಕೂವರೆ ಕೆಜಿ ನೈಟ್ರಸ್ ಹಿಡಿಸುವ ಬಾಟಲ್ ಕೂರಿಸುತ್ತಾರೆ. ಅಲ್ಲಿಂದ ಸ್ಟೀಲ್ ಹೆಣಿಗೆಯ ಹೋಸ್ ಎಂಜಿನ್‌ವರೆಗೆ ಬರುತ್ತದೆ. ಕೊನೆಗೆ ಕರೆಂಟ್‌ನಿಂದ ತೆರೆಯುವ ವಾಲ್ವ್ ಇರುತ್ತದೆ, ಅದೇ ಸೊಲೆನಾಯ್ಡ್. ಅದರಾಚೆ ನಾಝಲ್. ಅಲ್ಲಿ ಕೂರುವ ಹಿತ್ತಾಳೆಯ ಚಿಕ್ಕ ಚೂರಿಗೆ ಜೆಟ್ ಅನ್ನುತ್ತಾರೆ. ನಡುವೆ ಸೂಜಿ ತೂರುವಂಥ ತೂತು. ಎಷ್ಟು ನೈಟ್ರಸ್ ಹೋಗಬೇಕು ಅನ್ನುವುದು ಆ ತೂತಿನ ಅಳತೆಯ ಮೇಲೆ ನಿಂತಿದೆ. ‘50 ಶಾಟ್’, ‘100 ಶಾಟ್’ ಅನ್ನುವ ಮಾತು ಕೇಳಿದ್ದರೆ, ಅದು ಆ ಜೆಟ್‌ನಿಂದ ಹೆಚ್ಚಾಗಬೇಕಾದ ಹಾರ್ಸ್‌ಪವರ್ ಲೆಕ್ಕ. ರೇಸ್ ಶುರುವಾಗುವ ಮುಂಚೆ ಬಾನೆಟ್ ಹತ್ತಿರ ಬಿಳಿ ಆವಿ ಭುಸ್ ಅಂತ ಹಾರುತ್ತದಲ್ಲ, ಅದು ಪರ್ಜ್. ಹೋಸ್‌ನಲ್ಲಿರುವ ಗಾಳಿ, ಗ್ಯಾಸ್ ಹೊರಗೆ ಹೋಗಿ ದ್ರವ ನೈಟ್ರಸ್ ಸೊಲೆನಾಯ್ಡ್‌ವರೆಗೆ ಬಂದು ನಿಲ್ಲಲಿ ಅಂತ ಮಾಡುತ್ತಾರೆ. ನೋಡುವವರಿಗೆ ಶೋ ಕೂಡ ಆಯಿತು ಅನ್ನಿ.

ಪೆಟ್ರೋಲ್ ಎಂಜಿನ್‌ನಲ್ಲಿ ನೈಟ್ರಸ್ ಬಿಟ್ಟರೆ ಅದಕ್ಕೆ ತಕ್ಕಷ್ಟು ಪೆಟ್ರೋಲನ್ನೂ ಜಾಸ್ತಿ ಕೊಡಲೇಬೇಕು. ಕೊಡದಿದ್ದರೆ ಒಳಗೆ ನಾಕಿಂಗ್, ಅಂದರೆ ಇಂಧನ ಹೊತ್ತಲ್ಲದ ಹೊತ್ತಲ್ಲಿ ಸಿಡಿಯುವುದು, ಶುರುವಾಗಿ ಪಿಸ್ಟನ್ ತಲೆ ಕರಗುತ್ತದೆ. ಇದಕ್ಕೆ ಕ್ಷಣಗಳೇ ಸಾಕು. ಅದಕ್ಕೇ ನೈಟ್ರಸ್ ಜೊತೆಗೇ ಪೆಟ್ರೋಲನ್ನೂ ಸಿಂಪಡಿಸುವ ‘ವೆಟ್ ಕಿಟ್’ ಬಂದಿದ್ದು. ಉರಿ ಬೇಗ ಹರಡುವುದರಿಂದ ಸ್ಪಾರ್ಕ್ ಟೈಮಿಂಗನ್ನೂ, ಅಂದರೆ ಕಿಡಿ ಹಾರುವ ಹೊತ್ತನ್ನೂ, ಸ್ವಲ್ಪ ತಡ ಮಾಡಬೇಕು. 50 ಹಾರ್ಸ್‌ಪವರ್‌ಗೆ ಎಂಜಿನ್ ತಿರುಗುವ ಕೋನದ ಲೆಕ್ಕದಲ್ಲಿ 2 ಡಿಗ್ರಿ ಅನ್ನುವುದು ಗ್ಯಾರೇಜಿನ ರೂಢಿ ಲೆಕ್ಕ.

ಡೀಸೆಲ್‌ನಲ್ಲಿ ಕಥೆ ಉಲ್ಟಾ. ನನ್ನ ಪ್ರಕಾರ ನೈಟ್ರಸ್ ಏನು ಅಂತ ನಿಜವಾಗಿ ಅರ್ಥವಾಗುವುದು ಇಲ್ಲೇ. 1989ರಲ್ಲಿ ಡಾಡ್ಜ್ ಕಂಪನಿ ತನ್ನ ಪಿಕಪ್‌ಗೆ 5.9 ಲೀಟರ್‌ನ ಕಮಿನ್ಸ್ ಟರ್ಬೊ ಡೀಸೆಲ್ ಎಂಜಿನ್ ಹಾಕಿತು. ಆಗ ಅದರ ಪವರ್ ಬರೀ 160 ಹಾರ್ಸ್‌ಪವರ್. ಆದರೆ ಗಟ್ಟಿ ಎಂಜಿನ್. ಹಾಗಾಗಿ ಹುಡುಗರು ಡೀಸೆಲ್ ಪಂಪ್‌ನ ಸೆಟ್ಟಿಂಗ್ ತಿರುವಿ ಡೀಸೆಲ್ ಜಾಸ್ತಿ ಮಾಡಲು ಶುರು ಮಾಡಿದರು. ಡೀಸೆಲ್ ಸುರಿಯುವುದು ಸುಲಭ, ಅದಕ್ಕೆ ಬೇಕಾದ ಗಾಳಿ ಎಲ್ಲಿಂದ ಬರಬೇಕು? ಎಕ್ಸಾಸ್ಟ್‌ನ ಬಲದಿಂದ ತಿರುಗಿ ಎಂಜಿನ್‌ಗೆ ಗಾಳಿ ಒತ್ತುವ ಟರ್ಬೊ ಕೊಡುವಷ್ಟೇ ತಾನೆ. ಉಳಿದ ಡೀಸೆಲ್ ಅರೆಬರೆ ಸುಟ್ಟು ಕರಿಹೊಗೆಯಾಗಿ ಹೊರಗೆ ಬರುತ್ತದೆ. ಎಕ್ಸಾಸ್ಟ್ ಬಿಸಿ 700 ಡಿಗ್ರಿ ದಾಟಿ ಏರುತ್ತದೆ. ಅದೇ ಬಿಸಿಯಲ್ಲಿ ಸುಮ್ನೆ ಓಡಿಸುತ್ತಾ ಹೋದರೆ ಅಲ್ಯೂಮಿನಿಯಂ ಪಿಸ್ಟನ್ ಉಳಿಯುವುದಿಲ್ಲ.

ಈಗ ನೈಟ್ರಸ್ ಬಿಡಿ. ಅರ್ಧಂಬರ್ಧ ಸುಡುತ್ತಿದ್ದ ಡೀಸೆಲ್‌ಗೆ ಆಮ್ಲಜನಕ ಸಿಕ್ಕಿತು. ಸೈಡ್ ಮಿರರ್ ತುಂಬಾ ಕರ್ರಗೆ ಕಾಣುತ್ತಿದ್ದ ಹೊಗೆ ನೋಡನೋಡುತ್ತಿದ್ದಂತೆ ತೆಳುವಾಗುತ್ತದೆ, ಟ್ರಕ್ ಮುಂದಕ್ಕೆ ನುಗ್ಗುತ್ತದೆ. ಪೋಲಾಗುತ್ತಿದ್ದ ಡೀಸೆಲ್ಲೇ ಪವರ್ ಆಗಿದ್ದು. ಹಾಗಾಗಿ ಇಲ್ಲಿ ಬೇರೆ ಇಂಧನ ಸಿಂಪಡಿಸುವ ಕೆಲಸವಿಲ್ಲ, ಬರೀ ನೈಟ್ರಸ್ ಬಿಡುವ ‘ಡ್ರೈ ಕಿಟ್’ ಸಾಕು. ದೊಡ್ಡ ಟರ್ಬೊ ಹಾಕಿದವರಿಗೆ ಇನ್ನೊಂದು ಉಪಯೋಗವೂ ಇದೆ. ದೊಡ್ಡ ಟರ್ಬೊ ತಿರುಗಿ ಪ್ರೆಶರ್ ಕಟ್ಟುವುದು ನಿಧಾನ. ಶುರುವಿನಲ್ಲಿ ಸ್ವಲ್ಪ ನೈಟ್ರಸ್ ಕೊಟ್ಟರೆ ಅದು ಬೇಗ ಎದ್ದು ನಿಲ್ಲುತ್ತದೆ. ಆಮೇಲೆ ನೈಟ್ರಸ್ ನಿಲ್ಲಿಸಿದರೂ ನಡೆಯುತ್ತದೆ.

ಹಾಗಂತ ಶೋರೂಮಿನಿಂದ ಬಂದ ಡೀಸೆಲ್ ಟ್ರಕ್‌ಗೆ ಕಿಟ್ ಹಾಕಿಸಿ 100 ಹಾರ್ಸ್‌ಪವರ್ ಕಾದು ಕೂತರೆ ನಿರಾಸೆಯೇ. ಅಲ್ಲಿ ಹೆಚ್ಚುವರಿ ಡೀಸೆಲ್ಲೇ ಇಲ್ಲ. ಬಂದ ಆಮ್ಲಜನಕ ಏನನ್ನು ಸುಡಬೇಕು? ಅನುಭವಸ್ಥರು ಹೊಗೆಯನ್ನು ಪೂರ್ತಿ ಮಾಯ ಮಾಡಲು ಹೋಗುವುದೂ ಇಲ್ಲ. ಸಣ್ಣಗೆ ಒಂದಿಷ್ಟು ಹೊಗೆ ಇದ್ದರೆ ಡೀಸೆಲ್ ಇನ್ನೂ ಸ್ವಲ್ಪ ಜಾಸ್ತಿಯೇ ಇದೆ ಅಂತ ಗೊತ್ತಾಗುತ್ತದೆ, ಅಲ್ಲಿಗೆ ನಿಲ್ಲಿಸುತ್ತಾರೆ.

ಕೆಡುವುದು ಏನು? ಮೊದಲು ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕ್‌ಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲ್. ಆಮೇಲೆ ಕ್ಲಚ್ ಅಥವಾ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ದೊಡ್ಡ ಶಾಟ್ ಬಿಟ್ಟರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡೇ ಬಗ್ಗಬಹುದು. ಅದಕ್ಕೇ ಇಂತಿಷ್ಟು ಆರ್‌ಪಿಎಂ ದಾಟಿದ ಮೇಲೆ, ಆಕ್ಸಿಲರೇಟರ್ ಪೂರ್ತಿ ತುಳಿದಾಗ ಮಾತ್ರ ಸೊಲೆನಾಯ್ಡ್ ತೆರೆಯುವ ಹಾಗೆ ಸ್ವಿಚ್ ಹಾಕುತ್ತಾರೆ.

ಬಾಟಲ್ ಎಷ್ಟು ಹೊತ್ತು ಬರುತ್ತದೆ ಅಂದರೆ, 100 ಶಾಟ್‌ಗೆ ಒಟ್ಟು ಒಂದೂವರೆ ನಿಮಿಷದ ಆಸುಪಾಸು. ಎಷ್ಟು ಉಳಿದಿದೆ ಅಂತ ಪ್ರೆಶರ್ ಗೇಜ್ ಹೇಳುವುದಿಲ್ಲ. ಮನೆಯ ಅಡುಗೆ ಗ್ಯಾಸ್ ಸಿಲಿಂಡರ್ ಹಾಗೆಯೇ ಇದನ್ನೂ ತೂಕ ಹಾಕಿಯೇ ನೋಡಬೇಕು. ಗೇಜ್ ಬೇಕಾಗುವುದು ಬೇರೆ ಕಾರಣಕ್ಕೆ. 900ರಿಂದ 950 ಪಿಎಸ್‌ಐ ಇದ್ದರೆ ಜೆಟ್ ಲೆಕ್ಕ ಸರಿಯಾಗಿರುತ್ತದೆ. ಚಳಿಯಲ್ಲಿ ಪ್ರೆಶರ್ ಇಳಿಯುತ್ತದೆ, ಆಗ ಬಾಟಲ್‌ಗೆ ಎಲೆಕ್ಟ್ರಿಕ್ ಹೀಟರ್ ಸುತ್ತುತ್ತಾರೆ. ಬೆಂಕಿ ತೋರಿಸಿ ಬಿಸಿ ಮಾಡುವುದು ಮಾತ್ರ ಶುದ್ಧ ಹುಚ್ಚುತನ, ಬಾಟಲ್ ಸಿಡಿದರೆ ಗಾಡಿಯೂ ಇಲ್ಲ, ಪಕ್ಕದಲ್ಲಿ ನಿಂತವರೂ ಇಲ್ಲ.

ಹೌದು, ಹಲ್ಲಿನ ಡಾಕ್ಟರ್ ಬಳಸುವ ನಗೆ ಅನಿಲವೂ ಇದೇ. ಹಂಫ್ರಿ ಡೇವಿ 1799ರಲ್ಲಿ ತಾನೇ ಉಸಿರಾಡಿ ನೋಡಿದ್ದ. ಎಂಜಿನ್‌ಗೆ ಇದನ್ನು ಬಳಸಿದವರಲ್ಲಿ ಎರಡನೇ ಮಹಾಯುದ್ಧದ ಜರ್ಮನ್ ವಾಯುಪಡೆಯೂ ಒಂದು. ಗಾಳಿ ತೆಳುವಾಗಿರುವ ಎತ್ತರದಲ್ಲಿ ಹಾರುವ ವಿಮಾನಗಳಿಗೆ ಜಿಎಂ-1 ಅನ್ನುವ ಹೆಸರಲ್ಲಿ ಹಾಕಿದ್ದರು. ಗಾಡಿಗೆ ಮಾರುವ ನೈಟ್ರಸ್‌ಗೆ ಸ್ವಲ್ಪ ಸಲ್ಫರ್ ಡೈಆಕ್ಸೈಡ್ ಬೆರೆಸಿರುತ್ತಾರೆ. ಮೂಗಿಗೆ ಹಿಡಿದರೆ ನಗು ಬರುವ ಬದಲು ಗಂಟಲು ಉರಿದು ಕೆಮ್ಮು ಬರುತ್ತದೆ.

ಅಮೆರಿಕದಲ್ಲಿ ರಸ್ತೆಯ ಮೇಲೆ ಇದನ್ನು ಬಳಸುವ ಬಗ್ಗೆ ರಾಜ್ಯಕ್ಕೊಂದು ನಿಯಮ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಇಂಥ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು.