ಐದು ಪಾಳಿಯ ಧೂಳು, ಒಂದು ಸರಾಸರಿ

ಗಣಿಯೊಳಗಿನ ಗಾಳಿಯನ್ನು ಐದು ಪಾಳಿಗಳಲ್ಲಿ ಅಳೆದಿರಿ ಎಂದುಕೊಳ್ಳಿ. ಒಂದು ಘನ ಮೀಟರಿನಲ್ಲಿ ಸಿಕ್ಕ ಧೂಳು 1.2, 1.4, 1.6, 1.8, 3.5 ಮಿಲಿಗ್ರಾಂ. ಸರಾಸರಿ 1.9. ಕಾನೂನಿನ ಮಿತಿ 2 ಆಗಿದ್ದರೆ ಗಣಿ ಪಾಸು! ಐದನೇ ಪಾಳಿಯವನು ಮಿತಿಗಿಂತ ಮುಕ್ಕಾಲು ಪಾಲು ಹೆಚ್ಚು ಧೂಳು ಕುಡಿದದ್ದು ಲೆಕ್ಕಕ್ಕೇ ಬರಲಿಲ್ಲ.

ಅಮೆರಿಕದ ಭೂಗತ ಕಲ್ಲಿದ್ದಲು ಗಣಿಗಳಲ್ಲಿ ದಶಕಗಳ ಕಾಲ ನಡೆದದ್ದು ಇಂಥದೇ ಲೆಕ್ಕ. 1968ರಲ್ಲಿ ಫಾರ್ಮಿಂಗ್ಟನ್ ಗಣಿ ಸ್ಫೋಟಿಸಿ 78 ಮಂದಿ ಸತ್ತರು. ಮರುವರ್ಷ ಬಂದ ಕಾಯ್ದೆ ಧೂಳಿಗೂ ಮಿತಿ ಹಾಕಿತು. ಧೂಳು ಸದ್ದು ಮಾಡುವುದಿಲ್ಲ. ಕಣ್ಣಿಗೆ ಕಾಣದ ಕಣಗಳು ಶ್ವಾಸಕೋಶದ ಗಾಳಿಚೀಲಗಳಿಗಿಳಿದು ಅಲ್ಲೇ ಉಳಿಯುತ್ತವೆ. ಸುತ್ತ ಗಾಯದ ಕಲೆಯಂಥ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಈ ‘ಕಪ್ಪು ಶ್ವಾಸಕೋಶ’ ರೋಗವನ್ನು ವಾಸಿ ಮಾಡುವ ಮದ್ದಿಲ್ಲ.

ಒಂದೇ ಪಾಳಿಯ ಅಳತೆ ಸಾಕೆಂದು ಸರ್ಕಾರ 1998ರಲ್ಲಿ ಹೇಳಿದಾಗ ಗಣಿ ಉದ್ಯಮ ಕೋರ್ಟಿಗೆ ಹೋಗಿ ಗೆದ್ದಿತು. 2014ರಲ್ಲಿ ಸರ್ಕಾರ ಹೊಸ ನಿಯಮವನ್ನೇ ತಂದಿತು: ಮಿತಿ 1.5ಕ್ಕೆ ಇಳಿಯಿತು, ತನಿಖಾಧಿಕಾರಿಯ ಒಂದು ಪಾಳಿಯ ಮಾದರಿಯೇ ಸಾಕಾಯಿತು. ಗಣಿ ಉದ್ಯಮದ ಸಂಘ ನ್ಯಾಷನಲ್ ಮೈನಿಂಗ್ ಅಸೋಸಿಯೇಷನ್, ಕಲ್ಲಿದ್ದಲು ಕಂಪನಿ ಮರ್ರೆ ಎನರ್ಜಿ ಮತ್ತೆ ಕೋರ್ಟಿನ ಕಟ್ಟೆ ಹತ್ತಿದವು. ಒಂದೇ ಅಳತೆಯನ್ನು ನಂಬುವುದು ಹೇಗೆ?

ದಡ್ಡ ಪ್ರಶ್ನೆಯೇನಲ್ಲ. ಯಾವ ತಕ್ಕಡಿಯೂ ಕೊಂಚ ತಪ್ಪುತ್ತದೆ. ಒಂದೇ ಚೀಲವನ್ನು ಐದು ಸಲ ತೂಗಿದರೆ ಸರಾಸರಿ ತೆಗೆಯುವುದೇ ಸರಿ. ಆದರೆ ಐದು ಪಾಳಿಗಳ ಗಾಳಿ ಎಂದರೆ ಐದು ಬೇರೆ ಚೀಲಗಳು! ತಕ್ಕಡಿಯ ತಪ್ಪಿಗೆ ನಿಯಮ ಹೇಗೂ ಒಂದಿಷ್ಟು ರಿಯಾಯಿತಿ ಬಿಟ್ಟಿತ್ತು. 2016ರ ಜನವರಿಯಲ್ಲಿ ಅಟ್ಲಾಂಟಾದ ಮೇಲ್ಮನವಿ ನ್ಯಾಯಾಲಯ ನಿಯಮವನ್ನು ಎತ್ತಿಹಿಡಿಯಿತು.

ನನಗೆ ಇಷ್ಟವಾದದ್ದು ಆ ನಿಯಮದ ಜೊತೆ ಬಂದ ಯಂತ್ರ. ಕಾರ್ಮಿಕ ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಾನೆ. ಒಳಗೆ ಸದಾ ಕಂಪಿಸುವ ಪುಟ್ಟ ಕೊಳವೆ, ಅದರ ತುದಿಯಲ್ಲಿ ಸೋಸುಹಾಳೆ. ಧೂಳು ಕೂತಷ್ಟೂ ಕಂಪನ ನಿಧಾನ; ಆ ನಿಧಾನದಿಂದಲೇ ತೂಕ ತಿಳಿಯುತ್ತದೆ. ಹಿಂದೆ ಮಾದರಿಯನ್ನು ಲ್ಯಾಬಿಗೆ ಕಳಿಸಿ ಕಾಯಬೇಕಿತ್ತು. ಈಗ ಪಾಳಿಯ ನಡುವೆಯೇ ಅಂಕಿ ಕಾಣುತ್ತದೆ.

ಆದರೆ ಕೂತದ್ದು ಕಲ್ಲಿದ್ದಲೋ, ಅದಕ್ಕಿಂತ ಹೆಚ್ಚು ಹಾನಿ ಮಾಡುವ, ಕಲ್ಲು-ಮರಳಿನಲ್ಲಿರುವ ಸಿಲಿಕಾವೋ, ಕೊಳವೆಗೆ ಗೊತ್ತಾಗದು. ಸಿಲಿಕಾಗೆಂದೇ 2024ರಲ್ಲಿ ಬೇರೆ ನಿಯಮ ಬಂತು. ಘನ ಮೀಟರಿಗೆ 50 ಮೈಕ್ರೋಗ್ರಾಂ ಮಿತಿ. ಕಲ್ಲಿದ್ದಲು ಗಣಿಗಳು 2025ರ ಏಪ್ರಿಲ್ 14ರಿಂದ ಅದನ್ನು ಪಾಲಿಸಬೇಕಿತ್ತು. ಹತ್ತು ದಿನ ಮೊದಲು ಇನ್ನೊಂದು ಮೇಲ್ಮನವಿ ನ್ಯಾಯಾಲಯ ಅದಕ್ಕೆ ತಡೆ ನೀಡಿತು.